ಟೀಮ್ಸ್, ಸ್ಲ್ಯಾಕ್‌ಗಳ ಸ್ಟೇಟಸ್: ಮಂಗಳೂರಿನ ಮಳೆಗಾಲದಲ್ಲಿ ಬಳಸಿ ಕಂಡದ್ದು

ನಾನು ಮಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ. ವಾರದಲ್ಲಿ ಎರಡು ದಿನ ಕಚೇರಿ, ಉಳಿದ ಮೂರು ದಿನ ಬಿಜೈಯ ಮನೆಯ ಮಹಡಿಯ ಕೋಣೆ. ತಂಡದ ಉಳಿದವರು ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ ಹಂಚಿಹೋಗಿದ್ದಾರೆ, ಒಬ್ಬರು ಕುಂದಾಪುರದಲ್ಲಿದ್ದಾರೆ, ಗ್ರಾಹಕರು ಲಂಡನ್ನಿನವರು. ನಮ್ಮೊಳಗಿನ ಮಾತುಕತೆಗೆ ಮೈಕ್ರೋಸಾಫ್ಟ್ ಟೀಮ್ಸ್, ಗ್ರಾಹಕರೊಡನೆ ಸ್ಲ್ಯಾಕ್, ಇವೆರಡೂ ಸಾಲದೆಂಬಂತೆ ಒಂದು ವಾಟ್ಸಾಪ್ ಗುಂಪು. ಈ ಆ್ಯಪ್‌ಗಳ ವಿಡಿಯೊ ಗುಣಮಟ್ಟ, ಕಡತ ಹಂಚಿಕೆ, ದರ ಮುಂತಾದವುಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ನಾನು ಇಲ್ಲಿ ಬರೆಯುತ್ತಿರುವುದು, ನಾವು ಮಾತಿಗೆ ಸಿಗುತ್ತೇವೆಯೇ ಇಲ್ಲವೇ ಎಂದು ಇತರರಿಗೆ ತೋರಿಸಲು ಹೆಸರಿನ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಮಿನುಗುವ ಚುಕ್ಕೆಯ ಬಗ್ಗೆ ಮಾತ್ರ. ಎರಡು ಮಳೆಗಾಲಗಳ ಬಳಕೆಯ ನಂತರ ನನ್ನ ದುಡಿಮೆಯ ದಿನವನ್ನು ಇವುಗಳ ಬೇರೆಲ್ಲ ಸೌಲಭ್ಯಗಳಿಗಿಂತ ಹೆಚ್ಚಾಗಿ ಆಳುತ್ತಿರುವುದು ಅದೇ ಎಂದು ನನಗೆ ಖಚಿತವಾಗಿದೆ.

ನಮ್ಮೂರಿನ ಹಳೆಯ ಸರಕಾರಿ ಕಚೇರಿಗಳಲ್ಲಿ, ಕೆಲವು ಡಾಕ್ಟರುಗಳ ಬಾಗಿಲಲ್ಲಿ, ಹೆಸರಿನ ಎದುರು ಒಂದು ಸಣ್ಣ ಹಲಗೆಯನ್ನು ಆಚೀಚೆ ಸರಿಸಿ ‘ಒಳಗೆ’, ‘ಹೊರಗೆ’ ಎಂದು ತೋರಿಸುವ ಬೋರ್ಡು ಇರುತ್ತಿತ್ತು. ಅದನ್ನು ಸರಿಸುವವರು ಸ್ವತಃ ಆ ಮನುಷ್ಯರೇ ಅಥವಾ ಅವರ ಅಟೆಂಡರು. ಕಂಪ್ಯೂಟರಿನ ಲೋಕದಲ್ಲಿ ಈ ಹಲಗೆಯನ್ನು ಸರಿಸುವ ಕೆಲಸ ಬಹಳ ಬೇಗ ಯಂತ್ರದ ಪಾಲಾಯಿತು. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಎಂಬವರು ‘ಫಿಂಗರ್’ ಎಂಬ ಪ್ರೋಗ್ರಾಂ ಬರೆದರು. ಯಾರು ಕಂಪ್ಯೂಟರಿನಲ್ಲಿದ್ದಾರೆ, ಎಷ್ಟು ಹೊತ್ತಿನಿಂದ ಕೀಲಿ ಒತ್ತಿಲ್ಲ ಎಂಬುದನ್ನು ಅದು ತೋರಿಸುತ್ತಿತ್ತು. ಇದರ ಜೊತೆಯಲ್ಲೇ ‘ಪ್ಲಾನ್’ ಎಂಬ ಒಂದು ಪುಟ್ಟ ಕಡತವೂ ಇತ್ತು. ತಾನು ಏಕೆ ಸ್ಥಳದಲ್ಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ತನ್ನನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನು ಮನುಷ್ಯ ತನ್ನ ಮಾತಿನಲ್ಲೇ ಬರೆದಿಡುವುದಕ್ಕೆ ಆ ಕಡತ. ಯಂತ್ರದ ಲೆಕ್ಕ ಒಂದು ಕಡೆ, ಮನುಷ್ಯನ ಮಾತು ಇನ್ನೊಂದು ಕಡೆ ಎಂಬ ಆ ಜೋಡಿ ಇಂದಿಗೂ ಹಾಗೆಯೇ ಇದೆ. ಟೀಮ್ಸ್‌ನಲ್ಲಿ ಚುಕ್ಕೆ ಬೇರೆ, ಸ್ಟೇಟಸ್ ಸಂದೇಶ ಬೇರೆ. ಬಹುತೇಕ ಕಚೇರಿಗಳಲ್ಲಿ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಈ ವಿಮರ್ಶೆಯ ತಕರಾರೂ ಅದೇ.

ಮೊದಲು ಟೀಮ್ಸ್. ಪ್ರೊಫೈಲ್ ಚಿತ್ರವನ್ನು ಒತ್ತಿದರೆ ಆರು ಆಯ್ಕೆಗಳು ತೆರೆದುಕೊಳ್ಳುತ್ತವೆ: ಅವೈಲಬಲ್, ಬ್ಯುಸಿ, ಡು ನಾಟ್ ಡಿಸ್ಟರ್ಬ್, ಬಿ ರೈಟ್ ಬ್ಯಾಕ್, ಅಪಿಯರ್ ಅವೇ, ಅಪಿಯರ್ ಆಫ್‌ಲೈನ್. ಇವಲ್ಲದೆ ಆ್ಯಪ್ ತಾನಾಗಿಯೇ ಹಾಕುವ ಕೆಲವು ಸ್ಥಿತಿಗಳಿವೆ. ಔಟ್‌ಲುಕ್ ಕ್ಯಾಲೆಂಡರಿನಲ್ಲಿ ಸಭೆಯಿದ್ದರೆ ‘ಇನ್ ಎ ಮೀಟಿಂಗ್’ ಎಂದು ಕೆಂಪಾಗುತ್ತದೆ, ಕರೆಯಲ್ಲಿದ್ದರೆ ‘ಇನ್ ಎ ಕಾಲ್’ ಎನ್ನುತ್ತದೆ, ಪರದೆಯನ್ನು ಇತರರಿಗೆ ತೋರಿಸಲು ಆರಂಭಿಸಿದ ಕೂಡಲೇ ‘ಪ್ರೆಸೆಂಟಿಂಗ್’ ಎಂದು ಬದಲಾಗಿ ನೋಟಿಫಿಕೇಶನ್‌ಗಳನ್ನು ತಡೆಹಿಡಿಯುತ್ತದೆ. ಈ ಭಾಗದಲ್ಲಿ ಟೀಮ್ಸ್ ನಂಬಿಗಸ್ತ ಎಂದೇ ಹೇಳಬೇಕು. ಗ್ರಾಹಕರಿಗೆ ಪರದೆ ತೋರಿಸುತ್ತಿರುವಾಗ ‘ಸಂಜೆ ಗೋಳಿಬಜೆಗೆ ಬರ್ತೀರಾ’ ಎಂಬ ಗೆಳೆಯನ ಸಂದೇಶ ಮೂಲೆಯಲ್ಲಿ ಹಾರಿಬರುವ ಮುಜುಗರದಿಂದ ಅದು ನನ್ನನ್ನು ಹಲವು ಸಲ ಪಾರುಮಾಡಿದೆ.

ತೊಡಕಿರುವುದು ಹಳದಿಯಲ್ಲಿ. ಕಂಪ್ಯೂಟರನ್ನು ಲಾಕ್ ಮಾಡಿದರೆ, ಅದು ನಿದ್ದೆಗೆ ಜಾರಿದರೆ, ಅಥವಾ ಸುಮಾರು 5 ನಿಮಿಷ ಕೀಬೋರ್ಡ್ ಮತ್ತು ಮೌಸ್‌ಗಳನ್ನು ಮುಟ್ಟದಿದ್ದರೆ ಟೀಮ್ಸ್ ‘ಅವೇ’, ಅಂದರೆ ಸ್ಥಳದಲ್ಲಿಲ್ಲ, ಎಂದು ಘೋಷಿಸುತ್ತದೆ. ಐದು ನಿಮಿಷ ಎಂಬುದು ಟೈಪು ಮಾಡುವುದನ್ನೇ ಉದ್ಯೋಗವೆಂದು ತಿಳಿದವರು ಇಟ್ಟ ಅಳತೆಯಂತೆ ತೋರುತ್ತದೆ. ನನ್ನ ಕೆಲಸವನ್ನೇ ತೆಗೆದುಕೊಳ್ಳಿ. ಮೇಜಿನ ಮೇಲೆ ನಾಲ್ಕು ಫೋನುಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದರಲ್ಲೂ ಅದೇ ಆ್ಯಪನ್ನು ತೆರೆದು, ಹಣ ಪಾವತಿಯ ಪುಟ ಹೇಗೆ ತೆರೆಯುತ್ತದೆ, ನೆಟ್ ಹೋದಾಗ ಏನಾಗುತ್ತದೆ, ಅಕ್ಷರದ ಗಾತ್ರ ಹಿಗ್ಗಿಸಿದರೆ ಗುಂಡಿಗಳು ಎಲ್ಲಿ ಮಾಯವಾಗುತ್ತವೆ ಎಂದು ನೋಡುತ್ತಾ, ಪಕ್ಕದ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳುವುದು ನನ್ನ ಕೆಲಸದ ಮುಖ್ಯ ಭಾಗ. ಅಷ್ಟು ಹೊತ್ತೂ ಕಂಪ್ಯೂಟರ್ ನನ್ನ ಕಣ್ಣೆದುರೇ ಇರುತ್ತದೆ, ನಾನು ಅದರ ಎದುರೇ ಇರುತ್ತೇನೆ, ಆದರೆ ತಂಡದ ಕಣ್ಣಿಗೆ ನಾನು ಹಳದಿ. ಕೆಲಸದಲ್ಲಿ ಎಷ್ಟು ಮುಳುಗಿರುತ್ತೇನೋ ಅಷ್ಟು ಬೇಗ ನಾನು ಗೈರುಹಾಜರಾಗುವ ವಿಚಿತ್ರ ಏರ್ಪಾಡು ಇದು.

ಇದು ಬರೀ ಬಣ್ಣದ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಕಳೆದ ವರ್ಷ ನಮ್ಮ ಮೇಲಿನವರೊಬ್ಬರು, ಒಳ್ಳೆಯವರೇ, ಒಂದು ಮಧ್ಯಾಹ್ನ ಕರೆ ಮಾಡಿ, ‘ಎಂತ ಮಾರಾಯ್ರೆ, ಊಟದ ನಂತರ ಹಳದಿಯೇ ತೋರಿಸ್ತಾ ಉಂಟಲ್ಲ, ಮಲಗಿದ್ದಾ?’ ಎಂದು ಕೇಳಿದರು. ತಮಾಷೆಗೆ ಕೇಳಿದ್ದೆಂದು ಅವರೂ ನಕ್ಕರು, ನಾನೂ ನಕ್ಕೆ. ಆದರೆ ಅದರ ಮರುದಿನದಿಂದ ನನ್ನ ಎಡಗೈ ಕಾರಣವಿಲ್ಲದೆ ಆಗಾಗ ಮೌಸನ್ನು ಅಲ್ಲಾಡಿಸಲು ಕಲಿತಿತು. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಮೌಸು. ಚಹಾ ತಂದಿಟ್ಟ ಅಮ್ಮ ಎರಡು ದಿನ ನೋಡಿ, ಮೂರನೆಯ ದಿನ, ‘ಅದೆಂತ ಅದನ್ನು ಸುಮ್ಮನೆ ತಿರುಗಿಸ್ತಾ ಇರುದು, ಮಗುವಿನ ತೊಟ್ಟಿಲಿನ ಹಾಗೆ?’ ಎಂದು ಕೇಳಿದರು. ಕಾರಣ ವಿವರಿಸಲು ಹೋಗಿ ನನಗೇ ನಾಚಿಕೆಯಾಯಿತು.

ಈ ನಾಚಿಕೆಯ ಸುತ್ತ ಮಾರುಕಟ್ಟೆಯೇ ಬೆಳೆದಿದೆ. ಮೌಸನ್ನು ತಾನಾಗಿ ಅಲ್ಲಾಡಿಸುವ ‘ಜಿಗ್ಲರ್’ ಎಂಬ ಸಾಧನಗಳು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. 2024ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು, ಕೀಬೋರ್ಡಿನಲ್ಲಿ ಕೆಲಸ ನಡೆಯುತ್ತಿರುವಂತೆ ತೋರಿಸಿದರೆಂಬ ಕಾರಣಕ್ಕೆ ಹತ್ತಕ್ಕೂ ಹೆಚ್ಚು ಉದ್ಯೋಗಿಗಳನ್ನು ವಜಾ ಮಾಡಿದ್ದು ಸುದ್ದಿಯಾಗಿತ್ತು. ಕಚೇರಿಯ ಲ್ಯಾಪ್‌ಟಾಪಿಗೆ ಯಾವ ಸಾಧನ ಚುಚ್ಚಲಾಗಿದೆ ಎಂಬುದು ಐಟಿ ವಿಭಾಗದ ಕಣ್ಣಿಗೆ ಬೀಳಬಲ್ಲ ಸಂಗತಿ. ಹಳದಿ ಚುಕ್ಕೆಗೆ ಕೊಡಬಹುದಾದ ವಿವರಣೆಯನ್ನು ಜಿಗ್ಲರಿಗೆ ಕೊಡಲಾಗದು.

ಟೀಮ್ಸ್‌ನಲ್ಲಿ ನನಗೆ ಇನ್ನೂ ಕಸಿವಿಸಿ ತರುವ ಸೌಲಭ್ಯವೊಂದಿದೆ. ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ವಿಭಾಗದಲ್ಲಿ ಒಬ್ಬರ ಹೆಸರನ್ನು ಸೇರಿಸಿಟ್ಟರೆ, ಅವರು ಅವೈಲಬಲ್ ಅಥವಾ ಆಫ್‌ಲೈನ್ ಆದ ಕೂಡಲೇ ನಮಗೆ ಸೂಚನೆ ಬರುತ್ತದೆ. ಸದುದ್ದೇಶದಿಂದ ಬಳಸಿದರೆ ಇದು ಉಪಕಾರಿ. ಲಂಡನ್ನಿನ ಒಬ್ಬರಿಗಾಗಿ ಕಾಯುತ್ತಾ ಹತ್ತು ಸಲ ಇಣುಕುವುದು ತಪ್ಪುತ್ತದೆ. ಆದರೆ ಇದೇ ಸೌಲಭ್ಯದಿಂದ, ಯಾರು ಬೆಳಿಗ್ಗೆ ಎಷ್ಟು ಗಂಟೆಗೆ ಹಸಿರಾದರು ಎಂದು ಮನೆಯಲ್ಲೇ ಕುಳಿತು ಹಾಜರಿ ಪುಸ್ತಕ ಬರೆಯಲೂ ಬರುತ್ತದೆ.

ಇಷ್ಟೆಲ್ಲ ದೂರಿದ ಮೇಲೆಯೂ ನಾನು ಟೀಮ್ಸ್‌ಗೆ ಮೆಚ್ಚಿಗೆ ಸೂಚಿಸುವುದು ಎರಡು ಸೌಲಭ್ಯಗಳಿಗಾಗಿ, ಮತ್ತು ಅವೆರಡನ್ನೂ ನಮ್ಮ ತಂಡದಲ್ಲಿ ಹೆಚ್ಚಿನವರು ತೆರೆದೇ ನೋಡಿರಲಿಲ್ಲ. ಒಂದು, ಅವಧಿ. ಬ್ಯುಸಿ ಅಥವಾ ಅಪಿಯರ್ ಅವೇ ಆಯ್ಕೆ ಮಾಡುವಾಗ ಅದು 30 ನಿಮಿಷ, 1 ಗಂಟೆ, 2 ಗಂಟೆ, ಇಂದಿನ ಮಟ್ಟಿಗೆ, ಈ ವಾರದ ಮಟ್ಟಿಗೆ ಎಂದೋ ಅಥವಾ ನಾವೇ ಕೊಟ್ಟ ದಿನ-ಗಂಟೆಯ ತನಕ ಎಂದೋ ಉಳಿಯುವಂತೆ ಮಾಡಬಹುದು. ಹೊತ್ತು ಮುಗಿದೊಡನೆ ಚುಕ್ಕೆ ಮತ್ತೆ ತನ್ನ ಸ್ವಯಂಚಾಲಿತ ಲೆಕ್ಕಕ್ಕೆ ಮರಳುತ್ತದೆ. ಅವಧಿ ಹಾಕದೆ ಬಿಟ್ಟರೆ ಏನಾಗುತ್ತದೆಂಬುದನ್ನು ನಾನು ಕಲಿತದ್ದು ಪುತ್ತೂರಿನ ನೆಂಟರ ಮನೆಯ ಒಕ್ಕಲಿನಂದು. ಬೆಳಗಿನ ಅರ್ಧ ದಿನದ ರಜೆಗೆಂದು ‘ಅಪಿಯರ್ ಆಫ್‌ಲೈನ್’ ಒತ್ತಿ ಹೋದವನು, ಮಧ್ಯಾಹ್ನ ಹಿಂದೆ ಬಂದು ಎಂದಿನಂತೆ ಕೆಲಸಕ್ಕೆ ಕುಳಿತೆ, ಮರುದಿನವೂ ಕುಳಿತೆ. ಆ ಸ್ಥಿತಿಯಲ್ಲಿ ನಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಸಂದೇಶಗಳೂ ಬರುತ್ತವೆ, ಬೇರೆಯವರಿಗೆ ಮಾತ್ರ ನಾವಿಲ್ಲ. ನನ್ನ ಪಾಲಿನ ಒಂದು ತುರ್ತು ಪರೀಕ್ಷೆಯನ್ನು ನಾನು ರಜೆಯಲ್ಲಿದ್ದೇನೆಂದು ಭಾವಿಸಿ ಕಾರ್ಕಳದ ಸಹೋದ್ಯೋಗಿ ರಾತ್ರಿ ಕುಳಿತು ಮುಗಿಸಿದ್ದರು. ತಪ್ಪು ಪೂರ್ತಿ ನನ್ನದೇ. ಅವಧಿ ಹಾಕುವ ಆಯ್ಕೆ ಅಲ್ಲೇ ಕೆಳಗಿತ್ತು.

ಎರಡನೆಯದು ಸ್ಟೇಟಸ್ ಸಂದೇಶ. 280 ಅಕ್ಷರಗಳವರೆಗೆ ಏನನ್ನಾದರೂ ಬರೆಯಬಹುದು. ಅದನ್ನು ಯಾವಾಗ ಅಳಿಸಬೇಕೆಂದು ಹೇಳಬಹುದು. ಮುಖ್ಯವಾಗಿ, ನಮಗೆ ಯಾರಾದರೂ ಸಂದೇಶ ಬರೆಯಲು ಹೊರಟಾಗ ಅವರು ಬರೆಯುವ ಪೆಟ್ಟಿಗೆಯ ಮೇಲೆಯೇ ಅದು ಕಾಣಿಸುವಂತೆ ಮಾಡುವ ಒಂದು ಗುರುತಿನ ಚೌಕವಿದೆ. ಈ ಚೌಕವನ್ನು ಒತ್ತದೆ ಬರೆದ ಸಂದೇಶವನ್ನು ನೋಡಬೇಕಾದರೆ ಜನ ನಮ್ಮ ಚಿತ್ರದ ಮೇಲೆ ಮೌಸ್ ಇಡಬೇಕು, ಅಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಒತ್ತಿದರೆ, ಪ್ರಶ್ನೆ ಟೈಪು ಮಾಡುವ ಮೊದಲೇ ಉತ್ತರ ಅವರ ಕಣ್ಣಿಗೆ ಬಿದ್ದಿರುತ್ತದೆ. ಈಗ ನಾನು ಫೋನುಗಳನ್ನು ಕೈಗೆತ್ತಿಕೊಳ್ಳುವ ಮೊದಲು ‘ಫೋನಿನಲ್ಲಿ ಪರೀಕ್ಷೆ ನಡೆಸುತ್ತಿದ್ದೇನೆ, 3.15ಕ್ಕೆ ಉತ್ತರಿಸುತ್ತೇನೆ, ತುರ್ತಾದರೆ ಕರೆ ಮಾಡಿ’ ಎಂದು ಬರೆದು, ಚುಕ್ಕೆಯನ್ನು ಬ್ಯುಸಿ ಮಾಡಿ ಒಂದು ಗಂಟೆಯ ಅವಧಿ ಹಾಕುತ್ತೇನೆ. ಒಟ್ಟು ಅರ್ಧ ನಿಮಿಷದ ಕೆಲಸ. ಎಡಗೈಯ ಹೊಸ ಅಭ್ಯಾಸ ಹೀಗೆ ಬಿಟ್ಟಿತು.

ಕರಾವಳಿಯಲ್ಲಿ ಈ ಸಂದೇಶದ ಉಪಯೋಗ ಬೇರೆಡೆಗಿಂತ ಹೆಚ್ಚೆಂದು ನನ್ನ ಅನುಭವ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಗುಡುಗು ಶುರುವಾದರೆ ರೂಟರಿನ ಪ್ಲಗ್ಗನ್ನು ಕಿತ್ತಿಡುವುದು ಇಲ್ಲಿನ ಮನೆಮನೆಯ ಪದ್ಧತಿ, ಯಾವ ಸಭೆ ನಡೆಯುತ್ತಿದ್ದರೂ ನಮ್ಮ ಮನೆಯಲ್ಲಿ ಅದಕ್ಕೆ ವಿನಾಯಿತಿಯಿಲ್ಲ. ಆಗ ಲ್ಯಾಪ್‌ಟಾಪಿನ ಟೀಮ್ಸ್ ಕತ್ತಲಾಗಿ, ಫೋನಿನ ಟೀಮ್ಸ್ ಮಾತ್ರ ಉಳಿಯುತ್ತದೆ. ಆ ಆ್ಯಪ್ ಪರದೆಯ ಹಿಂದಕ್ಕೆ ಸರಿದೊಡನೆ ಮತ್ತೆ ಹಳದಿ. ಕರೆಂಟಿಲ್ಲದ ಮನುಷ್ಯ, ನಿದ್ದೆ ಹೋದ ಮನುಷ್ಯ, ಬೀಚಿಗೆ ಹೋದ ಮನುಷ್ಯ ಇವರೆಲ್ಲರೂ ಚುಕ್ಕೆಯ ಪಾಲಿಗೆ ಒಂದೇ. ‘ಬಿಜೈಯಲ್ಲಿ ಕರೆಂಟಿಲ್ಲ, ಫೋನಿನಲ್ಲಿದ್ದೇನೆ, ಸಣ್ಣ ಪ್ರಶ್ನೆಗಳನ್ನು ಮಾತ್ರ ಕೇಳಿ’ ಎಂಬ ಒಂದು ಸಾಲು ಆ ವ್ಯತ್ಯಾಸವನ್ನು ಹೇಳುತ್ತದೆ. ಕುಂದಾಪುರದ ನಮ್ಮ ಸಹೋದ್ಯೋಗಿ ಇನ್ನೂ ಒಂದು ಹೆಜ್ಜೆ ಮುಂದೆ. ಆಟದ, ಅಂದರೆ ಯಕ್ಷಗಾನದ, ಮೇಳಗಳು ತಿರುಗಾಟದಲ್ಲಿರುವ ತಿಂಗಳುಗಳಲ್ಲಿ ಅವರ ಸಂದೇಶ ‘ರಾತ್ರಿ ಆಟಕ್ಕೆ ಹೋಗಿದ್ದೆ, 11ಕ್ಕೆ ಬರುತ್ತೇನೆ’ ಎಂದು ನೇರವಾಗಿಯೇ ಇರುತ್ತದೆ. ಅವರ ಸಮಯವನ್ನು ಈವರೆಗೆ ಯಾರೂ ಪ್ರಶ್ನಿಸಿಲ್ಲ.

ಸಂದೇಶವನ್ನು ಕನ್ನಡದಲ್ಲಿ ಬರೆಯುವವರು ಒಂದು ಲೆಕ್ಕವನ್ನು ತಿಳಿದಿರಬೇಕು. ಯುನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ, ಸ್ವರಚಿಹ್ನೆ ಎಲ್ಲವೂ ಪ್ರತ್ಯೇಕ ಸಂಕೇತಗಳು. ‘ಯಕ್ಷಗಾನ’ ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು. ಹಾಗಾಗಿ ಇಂಗ್ಲಿಷಿನವರ ಮಿತಿ ನಮಗೆ ಸ್ವಲ್ಪ ಇಕ್ಕಟ್ಟಾಗುತ್ತದೆ, ಆದರೂ ಒಂದೆರಡು ವಾಕ್ಯಗಳಿಗೆ ಟೀಮ್ಸ್‌ನಲ್ಲಿ ಜಾಗ ಸಾಲದೆ ಹೋಗುವುದಿಲ್ಲ.

ಡು ನಾಟ್ ಡಿಸ್ಟರ್ಬ್ ಬಗ್ಗೆ ಎರಡೇ ಮಾತು. ಇದನ್ನು ಹಾಕಿದರೆ ಎಲ್ಲ ಸದ್ದೂ ನಿಲ್ಲುತ್ತದೆಂದು ಹೆದರಿ ದೂರವಿಡುವವರಿದ್ದಾರೆ. ‘ಪ್ರಯಾರಿಟಿ ಆ್ಯಕ್ಸೆಸ್’ ಪಟ್ಟಿಗೆ ಸೇರಿಸಿದವರ ಕರೆ ಮತ್ತು ಸಂದೇಶಗಳು ಆಗಲೂ ತಲುಪುತ್ತವೆ, ‘ಅರ್ಜೆಂಟ್’ ಎಂದು ಗುರುತಿಸಿ ಕಳಿಸಿದ್ದೂ ತಲುಪುತ್ತದೆ. ಅರ್ಜೆಂಟ್ ಸಂದೇಶವು 20 ನಿಮಿಷಗಳ ಕಾಲ ಎರಡೆರಡು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತದೆ; ಅದನ್ನು ‘ಆ ಫೈಲ್ ಎಲ್ಲಿ ಉಂಟು?’ ಎಂದು ಕೇಳಲು ಬಳಸುವವರ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ.

ಸ್ಲ್ಯಾಕ್‌ನ ದಾರಿ ಬೇರೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಸುಸಂಸ್ಕೃತ. ಅಲ್ಲಿ ಚುಕ್ಕೆಗೆ ಮುಖ್ಯವಾಗಿ ಎರಡೇ ರೂಪ: ತುಂಬಿದ ಹಸಿರು ಅಥವಾ ಖಾಲಿ ಬಳೆ. ಕಂಪ್ಯೂಟರಿನಲ್ಲಿ ಖಾಲಿಯಾಗಲು ಅದು ತೆಗೆದುಕೊಳ್ಳುವುದು 10 ನಿಮಿಷ, ಅಂದರೆ ಟೀಮ್ಸ್‌ನ ಇಮ್ಮಡಿ. ಸಭೆ, ಪ್ರಯಾಣ, ಅನಾರೋಗ್ಯ, ರಜೆ ಮುಂತಾದ ಉಳಿದ ಎಲ್ಲವನ್ನೂ ಅದು ಬಣ್ಣಕ್ಕೆ ವಹಿಸದೆ, ಒಂದು ಇಮೋಜಿ ಮತ್ತು 100 ಅಕ್ಷರಗಳ ಮಾತಿಗೆ ವಹಿಸುತ್ತದೆ. ಇಮೋಜಿ ಹೆಸರಿನ ಪಕ್ಕದಲ್ಲೇ ಕಾಣುವುದರಿಂದ ಜನ ಮೊದಲು ನೋಡುವುದು ಅದನ್ನು. ಸ್ಟೇಟಸ್ ಬರೆಯುವ ಪೆಟ್ಟಿಗೆಯಲ್ಲೇ ಎಷ್ಟು ಹೊತ್ತು ಉಳಿಯಬೇಕು, ಅಷ್ಟು ಹೊತ್ತು ನೋಟಿಫಿಕೇಶನ್ ನಿಲ್ಲಿಸಬೇಕೇ ಎಂಬೆರಡೂ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿಸಬಹುದು. ಟೀಮ್ಸ್‌ನಲ್ಲಿ ಚುಕ್ಕೆಯ ಅವಧಿ ಬೇರೆ, ಸಂದೇಶದ ಅವಧಿ ಬೇರೆ. ಒಂದು ಮುಗಿದು ಇನ್ನೊಂದು ಉಳಿದು, ಹಸಿರು ಚುಕ್ಕೆಯ ಕೆಳಗೆ ‘ಕರೆಂಟಿಲ್ಲ’ ಎಂದು ನೇತಾಡುವ ಅಭಾಸ ನನ್ನ ಹೆಸರಿನಲ್ಲೇ ಹಲವು ಸಲ ಆಗಿದೆ.

ಲಂಡನ್ನಿಗೂ ನಮಗೂ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆಗಳ ಅಂತರ. ಅವರ ಸಂಜೆ ಐದು ಎಂದರೆ ಇಲ್ಲಿ ರಾತ್ರಿ ಊಟ ಮುಗಿದಿರುವ ಹೊತ್ತು. ಹೊತ್ತು ಮೀರಿ ಬರೆಯಹೊರಟವರಿಗೆ ಸ್ಲ್ಯಾಕ್ ನಮ್ಮಲ್ಲಿ ಈಗ ಎಷ್ಟು ಗಂಟೆ ಎಂದು ತೋರಿಸುತ್ತದೆ, ಸಂದೇಶವನ್ನು ಬೆಳಿಗ್ಗೆ ತಲುಪುವಂತೆ ಹೊತ್ತು ಗೊತ್ತುಮಾಡಿ ಕಳಿಸುವ ಅವಕಾಶವನ್ನೂ ಕೊಡುತ್ತದೆ. ನೋಟಿಫಿಕೇಶನ್ ನಿಲ್ಲಿಸಿದವರಿಗೆ ಸಂದೇಶ ಕಳಿಸಿದರೆ, ಅವರು ನಿಲ್ಲಿಸಿದ್ದಾರೆಂದು ಹೇಳಿ, ಆದರೂ ಎಚ್ಚರಿಸಬೇಕೇ ಎಂದು ಕೇಳುತ್ತದೆ. ಆ ಒಂದು ಪ್ರಶ್ನೆಗೆ ‘ಹೌದು’ ಎಂದು ಒತ್ತಲು ಹೆಚ್ಚಿನವರ ಬೆರಳು ಹಿಂಜರಿಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ನಮ್ಮ ಗ್ರಾಹಕರಲ್ಲಿ ಒಬ್ಬರು ಮೊದಲು ರಾತ್ರಿ ಒಂಬತ್ತಕ್ಕೆ ‘ಇದ್ದೀರಾ’ ಎಂಬರ್ಥದ ಒಂದೇ ಪದ ಕಳಿಸಿ ಕಾಯುತ್ತಿದ್ದರು. ನಾನು ‘ಭಾರತೀಯ ಸಮಯ 7.30ರ ನಂತರ ಮರುದಿನ ಉತ್ತರ’ ಎಂದು ಸ್ಟೇಟಸ್ ಹಾಕಿದ ಮೇಲೆ ಅವರ ಪ್ರಶ್ನೆ ಪೂರ್ತಿಯಾಗಿ, ವಿವರಗಳೊಂದಿಗೆ, ಬೆಳಿಗ್ಗೆ ನನಗಾಗಿ ಕಾದಿರುತ್ತದೆ.

ವಾಟ್ಸಾಪ್ ಕಚೇರಿಯ ಆ್ಯಪ್ ಅಲ್ಲವಾದರೂ, ಟೀಮ್ಸ್‌ನಲ್ಲಿ ಹಸಿರು ಸಿಗದಿದ್ದಾಗ ಜನ ಹುಡುಕಿಕೊಂಡು ಬರುವುದು ಅಲ್ಲಿಗೇ. ‘ಒಲ್ಪ ಉಲ್ಲರ್?’ (ಎಲ್ಲಿದ್ದೀರಿ?) ಎಂದು ತುಳುವಿನಲ್ಲಿ ಬರುವ ಸಂದೇಶದ ಹಿಂದೆ ಒಂದು ಹಳದಿ ಚುಕ್ಕೆ ಇದ್ದೇ ಇರುತ್ತದೆ. ‘ಲಾಸ್ಟ್ ಸೀನ್’ ಮರೆಮಾಡುವುದು ಹಿಂದಿನಿಂದ ಸಾಧ್ಯವಿತ್ತು. 2022ರಿಂದ ‘ಆನ್‌ಲೈನ್’ ಎಂಬುದನ್ನೂ ಮರೆಮಾಡಬಹುದು. ನಾವು ಲಾಸ್ಟ್ ಸೀನ್ ಅಡಗಿಸಿದರೆ ಬೇರೆಯವರದ್ದೂ ನಮಗೆ ಕಾಣುವುದಿಲ್ಲ, ಅದು ನ್ಯಾಯವೇ. ಆದರೆ ನೀಲಿ ಗೆರೆಗಳನ್ನು ಆರಿಸಿಟ್ಟರೂ ಗುಂಪುಗಳಲ್ಲಿ ಅವು ಆರುವುದಿಲ್ಲ. ತಂಡದ ಗುಂಪಿನಲ್ಲಿ ಯಾರು ಓದಿದರೆಂಬುದು ಬರೆದವರಿಗೆ ಗೊತ್ತಾಗಿಯೇ ಆಗುತ್ತದೆ. ಕೆಲಸದ ಮಾತು ಈ ಗುಂಪಿಗೆ ಬರಕೂಡದೆಂದು ನಾವು ಮಾಡಿಕೊಂಡ ನಿಯಮ ಒಂದು ತಿಂಗಳು ನಡೆಯಿತು.

ಇದನ್ನೆಲ್ಲ ಸೆಟ್ಟಿಂಗ್‌ಗಳಿಂದಲೇ ಸರಿಪಡಿಸಲಾಗದು ಎಂಬ ವಾದವೂ ಇದೆ, ಅದನ್ನು ನಾನು ಒಪ್ಪುತ್ತೇನೆ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತಿನ ನಂತರ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಬಲವಿದೆ. ಅಂಥ ಕಾನೂನಿಲ್ಲದ ಕಡೆ ಕಚೇರಿಯವರೇ ಒಂದು ಪುಟದ ಒಪ್ಪಂದ ಮಾಡಿಕೊಳ್ಳಬಹುದು. ನಮ್ಮಲ್ಲಿ ಆದದ್ದು ಅದಕ್ಕಿಂತಲೂ ಸಣ್ಣದು. ಹಳದಿಯ ಬಗ್ಗೆ ಕೇಳಿದ್ದ ಆ ಮೇಲಿನವರಿಗೆ ನಾನು ನಾಲ್ಕು ಫೋನುಗಳ ಮೇಜಿನ ಫೋಟೊ ಕಳಿಸಿ, ಸ್ಟೇಟಸ್ ಸಂದೇಶದ ಚೌಕ ಎಲ್ಲಿದೆಯೆಂದು ತೋರಿಸಿಕೊಟ್ಟೆ. ಮುಂದಿನ ಸಭೆಯಲ್ಲಿ ಅವರು ಎಲ್ಲರಿಗೂ, ‘ಬಣ್ಣ ನೋಡುದು ಬೇಡ, ಬರ್ದದ್ದು ಓದುವ’ ಎಂದರು. ಅವರ ಸ್ವಂತ ಸ್ಟೇಟಸ್ ಮಾತ್ರ ಇಂದಿಗೂ ಖಾಲಿ.

ಅಂಕ ಕೊಡಲೇಬೇಕೆಂದರೆ ಸ್ಟೇಟಸ್ ನಿರ್ವಹಣೆಯ ಮಟ್ಟಿಗೆ ಸ್ಲ್ಯಾಕ್‌ಗೆ ಐದರಲ್ಲಿ ನಾಲ್ಕು, ಟೀಮ್ಸ್‌ಗೆ ಮೂರು. ಕ್ಯಾಲೆಂಡರಿನೊಂದಿಗಿನ ಹೊಂದಾಣಿಕೆಯಿಂದ ಟೀಮ್ಸ್ ಗಳಿಸಿದ್ದನ್ನು ಐದು ನಿಮಿಷದ ಆತುರದಿಂದ ಕಳೆದುಕೊಳ್ಳುತ್ತದೆ. ದಿನವಿಡೀ ಸಭೆಗಳಲ್ಲೇ ಇರುವವರಿಗೆ ನನ್ನ ಈ ಲೆಕ್ಕ ಅನ್ವಯಿಸದು, ಅವರ ಚುಕ್ಕೆ ಹೇಗೂ ಕೆಂಪಾಗಿಯೇ ಇರುತ್ತದೆ; ಕಾಗದ, ಫೋನು, ಬೋರ್ಡು, ಯೋಚನೆ ಎಂದು ಕೀಬೋರ್ಡಿನಿಂದ ಕೈ ತೆಗೆದು ದುಡಿಯುವವರು ಮಾತ್ರ ಟೀಮ್ಸ್ ತೆರೆದ ಮೊದಲ ದಿನವೇ ಸಂದೇಶದ ಆ ಚೌಕವನ್ನು ಹುಡುಕಿಟ್ಟುಕೊಳ್ಳಲಿ.